ಇಸ್ಪೀಟು ಆಡಿಸಿ ಕೆಲಸ ಕಳೆದವಳು

ಹೋದ ತಿಂಗಳು, ಆಸ್ಪತ್ರೆಯಲ್ಲಿ ನಾನು ಮಾಡುತ್ತಿದ್ದಂಥ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿದು ಮುಗಿಸುವ ತನಕ ಅದೂ ಇದೂ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಮೇಡಂ, ಮೇಲಿನವ್ರು ರಿಪೋರ್ಟ್ ಬದಲಾಯಿಸು ಅಂದ್ರೆ ಏನ್ ಮಾಡ್ಬೇಕು?"

"ಬದಲಾಯಿಸ್ಬೇಡ."

"ಅಷ್ಟೇನಾ?"

"ಅಷ್ಟೇ."

ಉತ್ತರ ಸಾಲಲಿಲ್ಲವೆಂದು ಅವಳ ಮುಖವೇ ಹೇಳಿತು. ಸಾಲದ್ದು ನಿಜವೇ. ಬದಲಾಯಿಸುವುದಿಲ್ಲ ಎಂದ ಮೇಲೆ ಏನೇನಾಗುತ್ತದೆ ಎನ್ನುವುದನ್ನು ನನಗೂ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎನ್ನುವುದೆಲ್ಲ ಇದರಲ್ಲಿಲ್ಲ. ಅದು ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು.

ಚಿಕ್ಕಮಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮನಶ್ಶಾಸ್ತ್ರಜ್ಞೆಯಾಗಿದ್ದೆ. ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಮೂರ್ಛೆ ಬರುವವರು, ಮರೆವು ಹತ್ತಿದವರು ನನ್ನ ಕೋಣೆಗೆ ಬರುತ್ತಿದ್ದರು. ಅವರ ನೆನಪು ಎಷ್ಟು ಉಳಿದಿದೆ, ಹೊಸದನ್ನು ಕಲಿಯಬಲ್ಲರೇ, ತಮ್ಮನ್ನು ತಾವು ತಡೆದುಕೊಳ್ಳಬಲ್ಲರೇ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಸ್ಕ್ಯಾನು ಮಿದುಳಿನ ಚಿತ್ರ ತೋರಿಸುತ್ತದೆ. ಆ ಮಿದುಳನ್ನು ಹೊತ್ತ ಮನುಷ್ಯ ಬೆಳಗಿನಿಂದ ಸಂಜೆಯ ತನಕ ಹೇಗೆ ಬದುಕುತ್ತಾನೆ ಎನ್ನುವುದನ್ನು ತೋರಿಸುವುದಿಲ್ಲ. ಅದನ್ನು ಎದುರಿಗೆ ಕೂತು ನೋಡಬೇಕು. ತಿಂಗಳಿಗೊಮ್ಮೆ ಮೂಡಿಗೆರೆಗೂ ಕಳಸಕ್ಕೂ ಕ್ಯಾಂಪು ಹೋಗುತ್ತಿದ್ದೆ. ಜನ ನನ್ನನ್ನು "ತಲೆ ಟೆಸ್ಟ್ ಮೇಡಂ" ಎನ್ನುತ್ತಿದ್ದರು. ನನ್ನ ಕೋಣೆಗೆ ಬಂದವರಿಗೆ ಹುಚ್ಚು ಅಂತ ಬರೆದುಕೊಡುತ್ತಾರೆ ಎನ್ನುವ ಹೆದರಿಕೆ ಅನೇಕರಲ್ಲಿತ್ತು.

ಒಂದು ಸಲ ನಿವೃತ್ತ ಎಸ್ಟೇಟ್ ಮ್ಯಾನೇಜರೊಬ್ಬರು ಬಂದಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಹ್ಯಾಟು. ನಾನು ಓದಿದ ಪದಗಳನ್ನು ಅವರು ತಿರುಗಿ ಹೇಳಬೇಕಿತ್ತು. ಸ್ವಲ್ಪ ಹೇಳಿ ನಿಂತರು. "ನಿಮ್ಮ ಕನ್ನಡ ಸರಿ ಇಲ್ಲ. ಇಂಗ್ಲಿಷಿನಲ್ಲಿ ಕೊಡಿ," ಎಂದರು. ಇಂಗ್ಲಿಷಿನಲ್ಲಿ ಕೊಟ್ಟೆ. ಇನ್ನೂ ಕಡಿಮೆ ಬಂತು. "ಕರೆಂಟು ಡಿಮ್ ಇದೆ," ಎಂದರು. ಕೇಳಿಸಿಕೊಳ್ಳುವುದಕ್ಕೆ ಕರೆಂಟು ಯಾಕೆ ಎಂದು ನಾನು ಕೇಳಲಿಲ್ಲ. ಮರೆಯುತ್ತಿದ್ದೇನೆ ಎಂದು ಗೊತ್ತಾದ ಮನುಷ್ಯ ಹಿಡಿದುಕೊಳ್ಳಲು ಏನನ್ನಾದರೂ ಹುಡುಕುತ್ತಾನೆ. ಅದನ್ನು ಕಿತ್ತುಕೊಳ್ಳುವುದು ಪರೀಕ್ಷೆ ಮಾಡುವವರ ಕೆಲಸವಲ್ಲ. ಆದರೆ ಅವರಿಗೆ ಬೇಸರವಾಗುತ್ತದೆಂದು ಸರಿಯುತ್ತರಗಳನ್ನು ಜಾಸ್ತಿ ಮಾಡಿ ಬರೆಯುವುದೂ ನಮ್ಮ ಕೆಲಸವಲ್ಲ. ಈ ಎರಡನೆಯದನ್ನು ನಾನು ಪೂರ್ತಿ ಕಲಿತದ್ದು ದಿನೇಶನಿಂದ.

ದಿನೇಶ ಸಂಸೆ ಕಡೆಯವನು. ಮೂವತ್ತೈದರ ಆಸುಪಾಸು, ಗಟ್ಟಿಮುಟ್ಟಾದ ಆಳು. ಸ್ವಂತ ಜೀಪಿತ್ತು. ಬೆಳಿಗ್ಗೆ ಕೂಲಿಯವರನ್ನು ತುಂಬಿಕೊಂಡು ಒಂದು ದೊಡ್ಡ ಎಸ್ಟೇಟಿಗೆ ಬಿಟ್ಟು, ಸಂಜೆ ವಾಪಸು ತರುವುದು ಅವನ ದಿನದ ಬಾಡಿಗೆ. ಅಣ್ಣನೊಂದಿಗೆ ಹಂಚಿಕೊಂಡ ಸಣ್ಣ ಕಾಫಿ ತೋಟವೂ ಇತ್ತು. ಒಂದು ದಿನ ಎಸ್ಟೇಟಿನಲ್ಲಿ ಮರಗಸಿ ನಡೆಯುತ್ತಿತ್ತು. ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುತ್ತಿದ್ದರು. ಆಳುಗಳಿಗಾಗಿ ಕಾಯುತ್ತ ಜೀಪಿನ ಪಕ್ಕದಲ್ಲಿ ನಿಂತಿದ್ದವನ ಹಣೆಗೆ ಕೊಂಬೆಯೊಂದು ಬಂದು ಬಡಿಯಿತು. ನಮ್ಮ ಆಸ್ಪತ್ರೆಯ ಹಿರಿಯ ಸರ್ಜನ್ ಆಪರೇಷನ್ ಮಾಡಿ ಬದುಕಿಸಿದರು. ಅವರಲ್ಲದೆ ಬೇರೆ ಯಾರೇ ಆಗಿದ್ದರೂ ಅವನು ಉಳಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವುದನ್ನು ಕೇಳಿ ಅವರನ್ನು ಸಣ್ಣವರೆಂದು ಯಾರೂ ಎಣಿಸಬಾರದು.

ತಿಂಗಳುಗಳ ನಂತರ ಸರ್ಜನ್ ಸಾಹೇಬರೇ ದಿನೇಶನನ್ನು ನನ್ನ ಕೋಣೆಗೆ ಕರೆದುಕೊಂಡು ಬಂದರು. "ನಡಿತಾನೆ, ಮಾತಾಡ್ತಾನೆ, ಜೋಕ್ ಹೊಡಿತಾನೆ. ಎಸ್ಟೇಟಿನವರು ಆಸ್ಪತ್ರೆಯಿಂದ ಲೆಟರ್ ಬೇಕು ಅಂತಾರೆ. ನೆನಪು ನೋಡಿ, ಡ್ರೈವಿಂಗಿಗೆ ಫಿಟ್ ಅಂತ ಬರೆದುಬಿಡಿ," ಎಂದು ಅವನ ಬೆನ್ನು ತಟ್ಟಿ ಹೋದರು.

ನೆನಪು ನೋಡಿದೆ. ಒಂದು ಉದ್ದ ಕಥೆ ಓದಿ ಹೇಳಿದರೆ ಅದರಲ್ಲಿನ ದನದ ಬಣ್ಣದ ಸಮೇತ ಒಪ್ಪಿಸಿದ. ಕಲಿಕೆ ನೋಡಿದೆ. ಪದಗಳ ಪಟ್ಟಿಯನ್ನು ಮತ್ತೆ ಮತ್ತೆ ಓದಿದಾಗ ಒಂದೊಂದು ಸಲಕ್ಕೂ ಹೆಚ್ಚು ಹೆಚ್ಚು ಹಿಡಿದ. ಮಧ್ಯದಲ್ಲಿ ಅನ್ಯ ಕೆಲಸ ಕೊಟ್ಟು ಆಮೇಲೆ ಕೇಳಿದರೂ ಬಿಡಲಿಲ್ಲ. ಅಷ್ಟಕ್ಕೇ ನಿಲ್ಲಿಸಿ ಸಹಿ ಹಾಕಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು.

ಆದರೆ ಅವನ ಹೆಂಡತಿ ಸುಜಾತ ಗೋಡೆಗೆ ಒರಗಿ ನಿಂತಿದ್ದಳು. ಗಂಡ ಒಂದೊಂದು ಉತ್ತರ ಸರಿ ಹೇಳಿದಾಗಲೂ ಅವಳ ಮುಖ ಇನ್ನಷ್ಟು ಬಾಡುತ್ತಿತ್ತು. ಅವನನ್ನು ಒಳಗೆ ಕೂರಿಸಿ ಅವಳನ್ನು ಹೊರಗೆ ಕರೆದೆ.

"ಯಾಕಮ್ಮ, ನಿಂಗೆ ಸಮಾಧಾನ ಇಲ್ವ?"

"ಇವ್ರಿಗೆ ಎಲ್ಲ ನೆನಪಿದೆ ಮೇಡಂ. ನೆನಪಿಲ್ದೆ ಇದ್ದಿದ್ರೆ ನಾನೇ ಹೇಳ್ಕೊಡ್ತಿದ್ದೆ. ಇವ್ರು ಇವ್ರಲ್ಲ. ಅದ್ನ ಯಾರಿಗೆ ಹೇಳೂದು?"

"ನಂಗೆ ಹೇಳು."

ಸಾವಿನ ಮನೆಗೆ ಹೋದಾಗ, ಹೆಣದ ಮುಂದೆಯೇ, ಸತ್ತವರು ಎಂಥ ಜುಗ್ಗರಾಗಿದ್ದರು ಅಂತ ದೊಡ್ಡ ಗಂಟಲಲ್ಲಿ ಹೇಳಿ ನಕ್ಕಿದ್ದನಂತೆ. ಅಂಗಳದಲ್ಲಿ ಒಣಗಿಸಿಟ್ಟ ಕರಿಮೆಣಸನ್ನು, ದಾರಿಯಲ್ಲಿ ಹೋಗುತ್ತಿದ್ದ ವ್ಯಾಪಾರಿ ಕೇಳಿದ ಅಂತ, ಅವನು ಹೇಳಿದ ರೇಟಿಗೇ ತುಂಬಿ ಕಳಿಸಿದ್ದನಂತೆ. ಆಮೇಲೆ ತಾನೇ ತಲೆ ಚಚ್ಚಿಕೊಂಡಿದ್ದನಂತೆ. "ಅತ್ತೆ ಹೇಳ್ತಾರೆ, ಗಂಡ ಬದುಕಿ ಬಂದದ್ದೇ ಹೆಚ್ಚು, ನಿಂದೆಂತ ದೂರು ಅಂತ. ಡಾಕ್ಟ್ರು ಪ್ರೀತಿಯಿಂದ ನೋಡ್ಕಳಿ ಅಂತಾರೆ. ಪ್ರೀತಿಗೆ ಎಂತ ಕಮ್ಮಿ ಆಗಿದೆ ಮೇಡಂ?"

ಅವಳನ್ನೂ ಕರೆದುಕೊಂಡು ಒಳಗೆ ಹೋಗಿ ಪೆನ್ಸಿಲು ಹಿಡಿದೆ. "ನಾನು ಮೇಜಿಗೆ ಒಂದು ಸಲ ಕುಟ್ಟಿದ್ರೆ ನೀನೂ ಕುಟ್ಟು. ಎರಡು ಸಲ ಕುಟ್ಟಿದ್ರೆ ಸುಮ್ನಿರು." ಸುಲಭದ ಆಟ. ದಿನೇಶನಿಗೆ ನಿಯಮ ಬಾಯಿಪಾಠ. ಆದರೆ ನಾನು ಎರಡು ಸಲ ಕುಟ್ಟಿದಾಗಲೆಲ್ಲ ಅವನೂ ಕುಟ್ಟಿ "ಅಯ್ಯೋ" ಎನ್ನುತ್ತಿದ್ದ.

ಆಮೇಲೆ ಇಸ್ಪೀಟಿನ ಹಾಗೆ ಕಾಣುವ ಎಲೆಗಳ ನಾಲ್ಕು ಕಟ್ಟುಗಳನ್ನು ಬೋರಲಾಗಿ ಇಟ್ಟೆ. ಯಾವ ಕಟ್ಟಿನಿಂದ ಬೇಕಾದರೂ ಎಲೆ ತೆಗೆಯಬಹುದು. ಎಲೆಯಲ್ಲಿ ಬರೆದಷ್ಟು ಹುಣಸೆಬೀಜ ಸಿಗುತ್ತದೆ, ಕೆಲವೊಮ್ಮೆ ವಾಪಸು ಕೊಡಬೇಕಾಗುತ್ತದೆ. ಎರಡು ಕಟ್ಟುಗಳು ಕೈತುಂಬ ಕೊಟ್ಟು, ನಡುವೆ ಒಮ್ಮೆ ಎಲ್ಲವನ್ನೂ ಬಳಿದುಕೊಂಡು ಹೋಗುತ್ತವೆ. ಇನ್ನೆರಡು ಸ್ವಲ್ಪ ಸ್ವಲ್ಪವೇ ಕೊಡುತ್ತವೆ, ಆದರೆ ಕೊನೆಗೆ ಲಾಭ. ಹೆಚ್ಚಿನವರಿಗೆ ಆಡುತ್ತ ಆಡುತ್ತ ಇದು ಗೊತ್ತಾಗಿ ಕೈ ಬೇರೆ ಕಡೆ ತಿರುಗುತ್ತದೆ.

ದಿನೇಶನಿಗೆ ಎಲ್ಲರಿಗಿಂತ ಬೇಗ ಗೊತ್ತಾಯಿತು. "ಮೇಡಂ, ಈ ಎರಡು ಕಟ್ಟು ಮೋಸದ್ದು. ಮೊದ್ಲು ಕೊಡ್ತವೆ, ಆಮೇಲೆ ಬಾಚ್ಕಂಡು ಹೋಗ್ತವೆ. ಇವ್ನ ಮುಟ್ಲೇಬಾರ್ದು," ಎಂದ. ಹೇಳುತ್ತಿದ್ದ ಹಾಗೆಯೇ ಅವನ ಕೈ ಅದೇ ಕಟ್ಟಿಗೆ ಹೋಗಿ ಎಲೆ ತೆಗೆಯಿತು. ಬೀಜಗಳೆಲ್ಲ ಹೋದವು. "ನೋಡಿ, ಮತ್ತೆ ತೆಗ್ದೆ!" ಎಂದು ನಕ್ಕ. ಮತ್ತೆ ಅಲ್ಲಿಗೇ ಕೈ ಹಾಕಿದ. ಸುಜಾತ ನನ್ನನ್ನು ನೋಡಿದಳು. ತಾನು ಇಷ್ಟು ದಿನ ಹೇಳಿದ್ದನ್ನು ಯಾರೋ ಕಣ್ಣಾರೆ ಕಂಡರಲ್ಲ ಎನ್ನುವ ನೋಟ ಅದು.

ನಾನು ಬರೆದದ್ದು ಇಷ್ಟು: ನೆನಪು ಚೆನ್ನಾಗಿದೆ, ಕಲಿಕೆ ಚೆನ್ನಾಗಿದೆ, ತಿಳುವಳಿಕೆ ಚೆನ್ನಾಗಿದೆ. ತಡೆದುಕೊಳ್ಳುವ ಶಕ್ತಿ ಕುಂದಿದೆ. ಸದ್ಯಕ್ಕೆ ವಾಹನ ಓಡಿಸಬಾರದು, ಜನರನ್ನು ಹತ್ತಿಸಿಕೊಂಡಂತೂ ಕೂಡದು. ಬೇರೆ ಕೆಲಸ ಮಾಡಬಹುದು. ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು.

ಮಾರನೆಯ ದಿನ ಸರ್ಜನ್ ಸಾಹೇಬರು ರಿಪೋರ್ಟು ಹಿಡಿದು ಬಂದರು. ಮುಖ ಕೆಂಪಾಗಿತ್ತು.

"ಇಸ್ಪೀಟ್ ಆಡಿಸಿ ನನ್ನ ಪೇಶೆಂಟ್ ಕೆಲಸ ಕಳೀತೀರಾ?"

"ಇಸ್ಪೀಟಲ್ಲ ಸಾರ್..."

"ಸ್ಕ್ಯಾನ್ ಕ್ಲೀನಾಗಿದೆ. ನಿಮ್ಮ ಹುಣಸೆಬೀಜಕ್ಕೆ ಅದಕ್ಕಿಂತ ಜಾಸ್ತಿ ಗೊತ್ತಾ? ಡ್ರೈವಿಂಗ್ ಲೈನ್ ತೆಗೀರಿ."

"ತೆಗೆಯಲ್ಲ ಸಾರ್."

ಆ ಮಾತನ್ನು ಅವರಿಗೆ ಯಾರೂ ಹೇಳಿ ರೂಢಿಯಿರಲಿಲ್ಲ. "ಹಾಗಾದ್ರೆ ನಾನೇ ಫಿಟ್ ಅಂತ ಬರೆದುಕೊಡ್ತೀನಿ."

"ಕೊಡಿ ಸಾರ್. ನಿಮಗೆ ಅಧಿಕಾರ ಇದೆ. ನನ್ನ ರಿಪೋರ್ಟ್ ಫೈಲಲ್ಲಿ ಇರುತ್ತೆ. ಆ ಜೀಪಿನ ಹಿಂದೆ ದಿನಾ ಅಷ್ಟೊಂದು ಹೆಂಗಸರು ಕೂತು ಹೋಗ್ತಾರೆ, ಅವರನ್ನೂ ಒಂದ್ಸಲ ನೆನೆಸ್ಕೊಂಡು ಬರೀರಿ."

ಅವರು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೆ ಪೇಶೆಂಟುಗಳನ್ನು ಕಳಿಸುವುದನ್ನು ಮಾತ್ರ ನಿಲ್ಲಿಸಿದರು. ಆಸ್ಪತ್ರೆಯ ಆಡಳಿತದವರು ನನ್ನ ಕೋಣೆಯನ್ನು ಜನರೇಟರ್ ಪಕ್ಕಕ್ಕೆ ಹಾಕಿದರು. ಆ ಸದ್ದಿನಲ್ಲಿ ನೆನಪಿನ ಪರೀಕ್ಷೆ ಮಾಡಿ ನೋಡಿ ಎಂದು ಆಡಳಿತದವರನ್ನು ಕರೆದು ಕೂರಿಸಿದೆ. ಕರೆಂಟು ಹೋಗಿ ಜನರೇಟರ್ ಶುರುವಾಯಿತು. ನಾನು ಓದಿದ ಪದಗಳಲ್ಲಿ ಒಂದೂ ಅವರಿಗೆ ಕೇಳಿಸಲಿಲ್ಲ. ಕೋಣೆ ವಾಪಸು ಸಿಕ್ಕಿತು. ಸರ್ಜನ್ ಸಾಹೇಬರ ಮಾತು ಸಿಗಲು ವರ್ಷಗಳೇ ಬೇಕಾದವು.

ಕಳಸದಲ್ಲಿ ಬೇರೆಯೇ ಕಥೆ. ಕ್ಯಾಂಪಿಗೆ ಹೋಗಿ ಬಸ್ಸಿಳಿದರೆ ಜೀಪ್ ಸ್ಟ್ಯಾಂಡಿನಿಂದ ಯಾರಾದರೂ ಕೂಗುತ್ತಿದ್ದರು: "ಎಂತ ಮೇಡಂ, ಇವತ್ತು ಯಾರ ಲೈಸನ್ಸು?" ನಾನು ತಲೆ ತಗ್ಗಿಸಲಿಲ್ಲ. "ನಿಂದೇ. ಬಾ, ಕೂತ್ಕೋ," ಎನ್ನುತ್ತಿದ್ದೆ. ಯಾರೂ ಬರುತ್ತಿರಲಿಲ್ಲ.

ನನ್ನನ್ನು ಚುಚ್ಚಿದ್ದು ಸುಜಾತಳ ಮಾತು. ರಿಪೋರ್ಟು ಕೈಗೆ ಕೊಟ್ಟಾಗ ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೇಳಿದಳು: "ನೀವೊಬ್ರು ನಂಬಿದ್ರಿ, ಅದು ದೊಡ್ಡದು ಮೇಡಂ. ಆದ್ರೆ ಜೀಪು ನಿಂತ್ರೆ ನಾವು ಊಟಕ್ಕೆ ಎಂತ ಮಾಡೂದು?" ಬರೀ ಬೇಡ ಎಂದು ಬರೆದು ಕೈ ತೊಳೆದುಕೊಳ್ಳುವುದು ಅರ್ಧ ಕೆಲಸ. ಮುಂದಿನ ಕ್ಯಾಂಪಿಗೆ ಗಂಡನನ್ನು ಕರೆದುಕೊಂಡು ಬಾ ಎಂದೆ.

ಎಸ್ಟೇಟಿನವರು ದಿನೇಶನಿಗೆ ಕಾಫಿ ಒಣಗಿಸುವ ಕಣದಲ್ಲಿ ಕೆಲಸ ಕೊಟ್ಟರು. ಗಂಡ ಹೆಂಡತಿ ಜೀಪನ್ನು ಬೇರೆಯವರಿಗೆ ಬಾಡಿಗೆಗೆ ಬಿಟ್ಟರು. ಅವರಿಬ್ಬರೂ ಕ್ಯಾಂಪಿಗೆ ಬಂದಾಗಲೆಲ್ಲ ನಾನು ಒಂದೇ ವಿಷಯಕ್ಕೆ ಕೂತೆ. ಇವನ ಕಲಿಕೆ ಕೆಟ್ಟಿಲ್ಲವಲ್ಲ, ಹಾಗಾದರೆ ತಡೆದುಕೊಳ್ಳುವುದನ್ನು ಯಾಕೆ ಕಲಿಸಬಾರದು? ಕೈಯನ್ನು ತಾನಾಗಿ ಹಿಡಿಯಲು ಬಾರದಿದ್ದರೆ ಒಂದು ಮಾತನ್ನು ಅಡ್ಡ ನಿಲ್ಲಿಸೋಣ. ಯಾರು ಏನು ಕೇಳಿದರೂ, ಮಾರ್ತೀಯಾ, ಕೊಡ್ತೀಯಾ, ಸಹಿ ಹಾಕ್ತೀಯಾ ಎಂದು ಕೇಳಿದರೆ, ಮೊದಲು ಎರಡೂ ಕೈ ಮೊಣಕಾಲ ಮೇಲೆ, ಆಮೇಲೆ ಬಾಯಲ್ಲಿ ಒಂದೇ ಉತ್ತರ: "ನಾಳೆ ಹೇಳ್ತೀನಿ."

ಸುಜಾತ ಮನೆಯಲ್ಲಿ ಅದನ್ನು ದಿನವೂ ಮಾಡಿಸಿದಳು. "ಈ ಕೋಳಿ ಮಾರ್ತೀರಾ?" "ಹ್ಞೂಂ." "ರೀ!" "ನಾಳೆ ಹೇಳ್ತೀನಿ." "ಅಂಗಿ ಬಿಚ್ಚಿ ಕೊಡ್ತೀರಾ?" "ನಾಳೆ ಹೇಳ್ತೀನಿ." ಅವನಿಗೆ ರೇಗಿ ಹೋಗುತ್ತಿತ್ತು. "ಮಾರಾಯ್ತಿ, ನೀರು ಬೇಕಾ ಅಂದ್ರೂ ನಾಳೆ ಹೇಳ್ಬೇಕಾ?" ಎಂದು ಕೂಗುತ್ತಿದ್ದನಂತೆ. ಅವಳು ಬಿಡಲಿಲ್ಲ.

ಹೀಗಿರುವಾಗ ದಿನೇಶನ ಅಣ್ಣ ಸತೀಶ ಚಿಕ್ಕಮಗಳೂರಿಗೆ ನನ್ನನ್ನು ಹುಡುಕಿಕೊಂಡು ಬಂದರು. ವಿನಯದ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತರು. ತಮ್ಮನ ಬುದ್ಧಿ ಸ್ವಾಧೀನದಲ್ಲಿಲ್ಲ, ಅವನ ಪಾಲಿನ ತೋಟದ ವ್ಯವಹಾರವನ್ನೆಲ್ಲ ತನಗೆ ವಹಿಸಬೇಕು ಎಂದು ಕೋರ್ಟಿಗೆ ಹಾಕಿದ್ದರು. ಅದಕ್ಕೆ ನನ್ನ ರಿಪೋರ್ಟನ್ನೇ ಲಗತ್ತಿಸಿದ್ದರು.

"ಅವ್ನು ನನ್ನ ತಮ್ಮ ಮೇಡಂ. ಎತ್ತಿ ಆಡಿಸಿದೀನಿ. ಮೆಣಸು ಹೋದ ಹಾಗೆ ತೋಟನೂ ಹೋದ್ರೆ ಎಂತ ಮಾಡ್ತಾನೆ? ನೀವು ಒಂದೇ ಒಂದು ಸಾಲು ಜಾಸ್ತಿ ಬರ್ಕೊಡಿ. ವ್ಯವಹಾರ ಮಾಡಕ್ಕೆ ಆಗಲ್ಲ ಅಂತ."

ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ. ಆದರೂ ಹೇಳಿದೆ: "ಸತೀಶರೇ, ಒಬ್ಬರು ಒಂದು ಸಾಲು ತೆಗಿ ಅಂದಿದ್ರು. ತೆಗೀಲಿಲ್ಲ. ನೀವು ಒಂದು ಸಾಲು ಸೇರಿಸಿ ಅಂತೀರಿ. ಸೇರಿಸಲ್ಲ."

"ನೀವೇ ತಾನೆ ಡ್ರೈವಿಂಗ್ ಬೇಡ ಅಂದಿದ್ದು?"

"ಹೌದು, ಬೇಡ ಅಂದಿದ್ದು ಡ್ರೈವಿಂಗು."

ಅವರು ನಮಸ್ಕಾರ ಹೇಳದೆ ಎದ್ದು ಹೋದರು. ಕೆಲವು ವಾರಗಳಲ್ಲಿ ನನಗೆ ಸಾಕ್ಷಿ ಹೇಳಲು ಕರೆ ಬಂತು. ಹೋಗಬೇಡಿ, ಮನೆಜಗಳ, ನಮ್ಮ ಆಸ್ಪತ್ರೆಯ ಹೆಸರು ಸಿಕ್ಕಿಕೊಳ್ಳುತ್ತದೆ, ರಜೆ ಹಾಕಿ ಎಂದರು ಆಡಳಿತದವರು. ರಜೆ ಹಾಕಿದೆ. ರಜೆ ಹಾಕಿ ಕೋರ್ಟಿಗೆ ಹೋದೆ.

ಸತೀಶರ ವಕೀಲರು ಚುರುಕು. "ತಡೆದುಕೊಳ್ಳುವ ಶಕ್ತಿ ಕುಂದಿದೆ ಅಂತ ಬರೆದಿದ್ದೀರಿ. ಹೌದೋ ಅಲ್ಲವೋ?"

"ಹೌದು."

"ಇಂಥವರ ಕೈಗೆ ಸ್ಟೇರಿಂಗ್ ಕೊಡಬಾರದು ಅಂತಲೂ ಬರೆದಿದ್ದೀರಿ."

"ಹೌದು."

"ಸ್ಟೇರಿಂಗ್ ಕೊಡಬಾರದವರ ಕೈಗೆ ತೋಟ ಕೊಡಬಹುದಾ?"

"ಕೊಡಬಹುದು," ಎಂದೆ. "ರಸ್ತೆಯಲ್ಲಿ ಯೋಚನೆ ಮಾಡೋಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಗುತ್ತೆ. ತೋಟ ಹಾಗಲ್ಲ. ಒಂದು ವಾರ ಯೋಚಿಸಿದ್ರೂ ಅದು ಎಲ್ಲೂ ಓಡಿಹೋಗಲ್ಲ. ಈ ಮನುಷ್ಯನಿಗೆ ಬೇಕಾಗಿರೋದು ಸ್ವಲ್ಪ ಹೊತ್ತು. ಅವರ ಬದಲು ಇನ್ನೊಬ್ಬರು ಬೇಕಾಗಿಲ್ಲ. ಅವರಿಗೆ ಎಲ್ಲ ಅರ್ಥ ಆಗುತ್ತೆ, ಎಲ್ಲ ನೆನಪಿರುತ್ತೆ. ಹೊಸದನ್ನು ಕಲೀತಾರೆ. ಅದನ್ನೂ ನಾನೇ ಬರೆದಿದ್ದೀನಿ, ನೀವು ಆ ಭಾಗ ಓದಲಿಲ್ಲ."

ವಕೀಲರು ಬಿಡುವವರಲ್ಲ. ದಿನೇಶನ ಸರದಿ ಬಂದಾಗ ನಗುನಗುತ್ತ, ಸ್ನೇಹದ ದನಿಯಲ್ಲಿ, ಸಂತೆಯಲ್ಲಿ ಮಾತಾಡಿಸುವ ಹಾಗೆ ಕೇಳಿದರು: "ಏನ್ ದಿನೇಶ್, ನಿಮ್ಮ ತೋಟ ಚೆನ್ನಾಗಿದೆಯಂತಲ್ಲ? ಒಳ್ಳೆ ಪಾರ್ಟಿ ಇದೆ, ಇವತ್ತೇ ತಗೋತಾರೆ. ನೀವು ಹೇಳಿದ ರೇಟು. ಕೊಡ್ತೀರಾ?"

ಅವನ ಮುಖ ಅರಳಿತು. ಬಾಯಿ ತೆರೆಯಿತು. 'ಹ್ಞೂಂ' ಎನ್ನುವುದು ತುಟಿಯ ತನಕ ಬಂದದ್ದು ನನಗೆ ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಸುಜಾತ ಬೆಂಚಿನ ತುದಿಗೆ ಸರಿದಳು. ಅವನು ನಿಂತಿದ್ದ ಕಟಕಟೆಯಲ್ಲಿ ಕೂರುವ ಜಾಗವಿರಲಿಲ್ಲ. ಆದರೂ ಬಗ್ಗಿ, ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿದ. ಹಾಗೆ ಬಗ್ಗಿಕೊಂಡೇ ತಲೆಯೆತ್ತಿ ಹೇಳಿದ: "ನಾಳೆ ಹೇಳ್ತೀನಿ."

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ನ್ಯಾಯಾಧೀಶರು ನಗಲಿಲ್ಲ. "ಯಾಕೆ ನಾಳೆ?" ಎಂದು ಕೇಳಿದರು.

"ಇವತ್ತು ಹೇಳಿದ್ರೆ ತಪ್ಪು ಹೇಳ್ತೀನಿ ಸ್ವಾಮಿ. ನಂಗೆ ತಲೆಗೆ ಪೆಟ್ಟಾಗಿದೆ. ರಾತ್ರಿ ಇವಳ ಹತ್ರ ಮಾತಾಡಿ ಹೇಳ್ತೀನಿ."

ಅರ್ಜಿ ವಜಾ ಆಯಿತು. ಹೊರಗೆ ಬಂದಾಗ ಸತೀಶರು ಒಂದು ಮರದ ಕೆಳಗೆ ಒಬ್ಬರೇ ನಿಂತಿದ್ದರು. ದಿನೇಶ ಸೀದಾ ಹೋಗಿ ಎಲ್ಲರೆದುರು "ನನ್ನ ಹುಚ್ಚ ಮಾಡಕ್ಕೆ ಹೊರಟಿದ್ಯಲ್ಲ ಅಣ್ಣ!" ಎಂದು ಕಿರುಚಿದ. ಮರುಕ್ಷಣವೇ ಅಣ್ಣನನ್ನು ತಬ್ಬಿಕೊಂಡು ಅತ್ತ. ಎರಡನ್ನೂ ಅವನು ತಡೆಯಲಾರ. ಎರಡೂ ನಿಜವಾಗಿದ್ದವು. ಅಣ್ಣ ತಮ್ಮಂದಿರ ನಡುವೆ ಬಹಳ ಕಾಲ ಮಾತಿರಲಿಲ್ಲ, ಆಮೇಲೆ ಅಷ್ಟಿಷ್ಟು ಶುರುವಾಯಿತು ಎಂದು ಕೇಳಿದೆ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ದಿನೇಶ ಕಣದ ಕೆಲಸದಲ್ಲಿ ಮೇಸ್ತ್ರಿಗೆ ಬೈದು ಅದನ್ನು ಕಳೆದುಕೊಂಡ. ಕೊಡುವ ಮಾರುವ ವಿಷಯಕ್ಕೆ "ನಾಳೆ" ಕೆಲಸ ಮಾಡಿತು, ಬಾಯಿಗೆ ಮಾಡಲಿಲ್ಲ. ಮತ್ತೆ ಮತ್ತೆ ಪರೀಕ್ಷಿಸಿದೆ. ಪೆನ್ಸಿಲಿನ ಆಟ ಸುಧಾರಿಸಿತು, ಆದರೆ ಡ್ರೈವಿಂಗಿಗೆ ಸಾಲುವಷ್ಟಲ್ಲ. ಪ್ರತಿ ಸಲವೂ ಅದೇ ಸಾಲು ಬರೆದೆ. ಪ್ರತಿ ಸಲವೂ ಅವನು ಕಾಗದವನ್ನು ನೋಡಿ ನನಗೆ ಚೆನ್ನಾಗಿ ಬೈದು ಹೋದ.

ನನ್ನ ಕೊನೆಯ ವರ್ಷಗಳಲ್ಲಿ ಟ್ಯಾಬ್ ಬಂತು. ಎಲೆಗಳ ಆಟವೂ ಅದರಲ್ಲೇ. ಹುಣಸೆಬೀಜ ಇಲ್ಲ, ಪರದೆಯನ್ನು ಮುಟ್ಟಿದರಾಯಿತು. ಕೊನೆಗೆ ಅಂಕ ಬರುತ್ತದೆ. ನಾನು ಅದನ್ನು ದೂರುವುದಿಲ್ಲ. ನನ್ನ ಕೈಗಡಿಯಾರಕ್ಕಿಂತ ಅದು ಸರಿಯಾಗಿ ಹೊತ್ತು ಅಳೆಯುತ್ತದೆ. ಆದರೆ ಪರೀಕ್ಷೆಯಾಗುವಾಗ ಪರದೆಯನ್ನು ನೋಡುತ್ತ ಕೂರಬೇಡಿ, ಮನುಷ್ಯನನ್ನು ನೋಡಿ. ಅವನು ಏನೆಂದು ಹೇಳಿಕೊಂಡು ಆ ಎಲೆಯನ್ನು ತೆಗೆದ ಎನ್ನುವುದನ್ನು ಟ್ಯಾಬ್ ಬರೆದುಕೊಳ್ಳುವುದಿಲ್ಲ. ಗೋಡೆಗೆ ಒರಗಿ ನಿಂತವರ ಮುಖವನ್ನೂ ಬರೆದುಕೊಳ್ಳುವುದಿಲ್ಲ. ಮತ್ತೆ, ಸಹಿ ನಿಮ್ಮದು. ಅದರ ಮೇಲಿನ ಸಾಲುಗಳಲ್ಲಿ ಇನ್ನೊಬ್ಬರ ಮಾತು ಬರಬಾರದು. ನಾನು ಮೆತ್ತಗಾಗಬೇಕಿತ್ತು ಎಂದು ಇವತ್ತಿಗೂ ಹೇಳುವವರಿದ್ದಾರೆ. ಹೇಳಲಿ. ಸಾಲು ತೆಗಿ ಅಂದರೂ, ಸಾಲು ಸೇರಿಸು ಅಂದರೂ ನಾನು ಇವತ್ತೂ ಹಾಗೆಯೇ ಮಾಡುತ್ತೇನೆ.

ನಿವೃತ್ತಿಯ ನಂತರ ಒಮ್ಮೆ ಸಂಸೆಯ ನೆಂಟರ ಮನೆಗೆಂದು ಹೊರಟು ಕಳಸದಲ್ಲಿ ಬಸ್ಸಿಳಿದಿದ್ದೆ. ಪೇಟೆಯ ನಡುವೆ ನಿಂತಿದ್ದಾಗ ಬೀದಿಗೆಲ್ಲ ಕೇಳುವ ಹಾಗೆ ಒಂದು ಗಂಟಲು: "ಓಹೋ, ನನ್ನ ಸ್ಟೇರಿಂಗ್ ಕಿತ್ಕಂಡ ಮೇಡಂ ಬಂದ್ರು!"

ದಿನೇಶ. ಕೂದಲು ನರೆತಿತ್ತು. ಜನ ತಿರುಗಿ ನೋಡಿದರು.

"ಚೆನ್ನಾಗಿದ್ದೀಯಾ?" ಎಂದೆ.

"ಇವಳು ಹೇಳ್ತಾಳೆ, ನೀವು ಮಾಡಿದ್ದು ಸರಿ ಅಂತ. ನಂಗೆ ಹಾಗೆ ಅನ್ಸಲ್ಲ."

"ಅನ್ನಿಸ್ಬೇಕು ಅಂತ ಏನಿಲ್ಲ ದಿನೇಶ."

"ಸಂಸೆ ಕಡೆಗಾ? ಹತ್ತಿ. ನಮ್ಮ ಜೀಪೇ."

ನಾನು ಹಿಂದೆ ಸರಿದದ್ದು ಅವನಿಗೆ ಕಂಡಿತು. ಜೋರಾಗಿ ನಕ್ಕ. ಜೀಪಿನ ಆ ಬದಿಯಿಂದ ಸುಜಾತ ಬಗ್ಗಿ ನೋಡಿದಳು. ಸ್ಟೇರಿಂಗ್ ಅವಳ ಕೈಯಲ್ಲಿತ್ತು. "ಹತ್ತಿ ಮೇಡಂ, ನಾನೇ ಬಿಡೂದು. ಕಲ್ತು ಎಷ್ಟೋ ಕಾಲ ಆಯ್ತು," ಎಂದಳು. ಹಿಂದೆ ತೋಟದ ಕೆಲಸ ಮುಗಿಸಿದ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಸರಿದು ಜಾಗ ಕೊಟ್ಟರು.

ದಾರಿಯಲ್ಲಿ ಮುಂದೆ ಮರದ ಲೋಡಿನ ಲಾರಿಯೊಂದು ತೆವಳುತ್ತಿತ್ತು. ಪಕ್ಕದಲ್ಲಿ ಕೂತ ದಿನೇಶ ಕುಣಿಯತೊಡಗಿದ. "ಹಾಕೇ, ಓವರ್‌ಟೇಕ್ ಹಾಕು, ಜಾಗ ಇದೆ, ಹಾಕು!"

"ತಿರುವು ಕಳೀಲಿ ರೀ," ಎಂದಳು ಸುಜಾತ.

"ಜಾಗ ಇದೆ ಮಾರಾಯ್ತಿ!"

"ಕಳೀಲಿ."

ತಿರುವು ಕಳೆಯಿತು. ಎದುರಿನ ರಸ್ತೆ ದೂರದ ತನಕ ಖಾಲಿಯಾಗಿ ಕಂಡಿತು. ಸುಜಾತ ಗೇರು ಬದಲಿಸಿ, ಹಾರನ್ ಒತ್ತಿ, ಲಾರಿಯನ್ನು ದಾಟಿಕೊಂಡು ಮುಂದೆ ಹೋದಳು.